ಎರಡು ಪುಟದ ಪ್ರಬಂಧ, ಒಂದು ಕಡಲಿನ ಫಸಲು

ಏಪ್ರಿಲ್ 14 ಬಂತೆಂದರೆ ನಮ್ಮಲ್ಲಿ ಅಂಬೇಡ್ಕರ್ ಜಯಂತಿ. ಅದೇ ದಿನ ಜಪಾನಿನ ಕ್ಯೂಷು ದ್ವೀಪದ ಉಟೊ ಎಂಬ ಊರಿನಲ್ಲಿ ಇನ್ನೊಂದು ಸ್ಮರಣೆ ನಡೆಯುತ್ತದೆ. ಕುಮಾಮೊಟೊ ಪ್ರಾಂತ್ಯದ ಈ ಊರು ಅರಿಯಾಕೆ ಸಮುದ್ರದ ದಂಡೆಯಲ್ಲಿದೆ. ಅಲ್ಲಿನ ಸುಮಿಯೋಶಿ ದೇವಾಲಯದ ಬಳಿ ಒಂದು ಸ್ಮಾರಕವಿದೆ. ಕಡಲ ಪಾಚಿ ಬೆಳೆಯುವವರು ಅಂದು ಅಲ್ಲಿ ಸೇರಿ ಒಬ್ಬ ಮಹಿಳೆಗೆ ನಮಿಸುತ್ತಾರೆ. ಅವರನ್ನು ಅಲ್ಲಿಯ ಜನ ಸಮುದ್ರದ ತಾಯಿ ಎಂದೇ ಕರೆಯುವುದು. ಆಕೆ ಜಪಾನಿನವರಲ್ಲ, ಇಂಗ್ಲೆಂಡಿನವರು. ಬದುಕಿದ್ದಾಗ ಒಮ್ಮೆಯೂ ಜಪಾನಿಗೆ ಕಾಲಿಟ್ಟವರಲ್ಲ. ಹೆಸರು ಡಾ. ಕ್ಯಾಥ್ಲೀನ್ ಮೇರಿ ಡ್ರೂ-ಬೇಕರ್.

ನಮ್ಮ ಮಹಿಳಾ ವೇದಿಕೆಯ ಇ-ಸಂಚಿಕೆಗೆ ಒಬ್ಬ ವಿಜ್ಞಾನಿಯ ಬಗ್ಗೆ ಬರೆಯಬೇಕು ಅಂದಾಗ ನಾನು ಇವರನ್ನೇ ಆರಿಸಿಕೊಂಡೆ. ಅದಕ್ಕೆ ಕಾರಣವಿದೆ. ಎಂಟೆಕ್ ಮಾಡುವಾಗ ನಮ್ಮ ವಿಭಾಗದಲ್ಲಿ ಯಾರ ಬಗ್ಗೆ ಮಾತು ಬಂದರೂ ಮೊದಲು ಕೇಳುತ್ತಿದ್ದ ಪ್ರಶ್ನೆ, ಎಷ್ಟು ಪೇಪರ್, ಎಷ್ಟು ಸೈಟೇಶನ್ ಅಂತ. ಈಗ ಐಟಿ ಕಂಪನಿಯಲ್ಲಿ ದುಡಿಯುವ ನನಗೆ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ: ಎಷ್ಟು ಟಿಕೆಟ್ ಮುಗಿಸಿದಿರಿ, ಈ ವರ್ಷದ ರೇಟಿಂಗ್ ಎಷ್ಟು. ಅಂಕಿಯ ಲೆಕ್ಕ ಬೇಡ ಎನ್ನುವವಳಲ್ಲ ನಾನು. ಆದರೆ ಆ ಲೆಕ್ಕದೊಳಗೆ ಏನು ಹಿಡಿಯುತ್ತದೆ, ಏನು ಹೊರಗುಳಿಯುತ್ತದೆ ಅನ್ನುವುದನ್ನು ಕ್ಯಾಥ್ಲೀನ್ ಅವರ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಗಿರಣಿ ಊರಿನ ಹುಡುಗಿ

ಕ್ಯಾಥ್ಲೀನ್ ಹುಟ್ಟಿದ್ದು 1901ರ ನವೆಂಬರ್ 6ರಂದು, ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಲೀ ಎಂಬ ಊರಿನಲ್ಲಿ. ಹತ್ತಿ ಗಿರಣಿ ಮತ್ತು ಕಲ್ಲಿದ್ದಲ ಗಣಿಗಳ ಊರು ಅದು. ಹತ್ತಿರದ ದೊಡ್ಡ ನಗರ ಮ್ಯಾಂಚೆಸ್ಟರ್. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರಲ್ಲ, ಆ ಮೂಲ ಮ್ಯಾಂಚೆಸ್ಟರ್ ಇದೇ. ದಕ್ಷಿಣದ ಸಾಲ್ಸ್‌ಬರಿಯಲ್ಲಿ ಶಾಲೆ ಮುಗಿಸಿ, ವಿದ್ಯಾರ್ಥಿವೇತನ ಗೆದ್ದು, ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಸಸ್ಯಶಾಸ್ತ್ರ ಓದಲು ಬಂದರು. 1922ರಲ್ಲಿ ಪ್ರಥಮ ದರ್ಜೆಯ ಆನರ್ಸ್ ಪದವಿ ಸಿಕ್ಕಿತು. ಅಲ್ಲಿ ಆ ದರ್ಜೆ ಪಡೆದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಅವರೂ ಒಬ್ಬರು. ಮರುವರ್ಷ ಎಂಎಸ್ಸಿ. ಅದೇ ವಿಭಾಗದಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು.

ಅವರು ಆರಿಸಿಕೊಂಡ ವಿಷಯ ಹೂ ಬಿಡದ, ಬೀಜ ಕಟ್ಟದ ಸಸ್ಯಗಳದ್ದು. ಅದರಲ್ಲೂ ಕೆಂಪು ಪಾಚಿ. ಪಾಚಿ ಎಂದರೆ ನಮಗೆ ಬಾವಿಕಟ್ಟೆಯ ಮೇಲಿನ ಜಾರುವ ಹಸಿರು ನೆನಪಾಗುತ್ತದೆ. ಆದರೆ ಸಮುದ್ರದಲ್ಲಿ ಪಾಚಿಯದೇ ಒಂದು ದೊಡ್ಡ ಕಾಡಿದೆ. ಹಸಿರು, ಕಂದು, ಕೆಂಪು ಎಂದು ಅದರಲ್ಲಿ ಗುಂಪುಗಳು. ಕೆಂಪು ಪಾಚಿಗಳ ಜೀವನಚಕ್ರ ಬಹಳ ಗೋಜಲು. ಒಂದೇ ಜೀವಿ ಒಂದು ಹಂತದಲ್ಲಿ ಒಂದು ರೂಪ, ಇನ್ನೊಂದು ಹಂತದಲ್ಲಿ ಇನ್ನೊಂದು ರೂಪ ತಾಳುತ್ತದೆ. ಕಂಬಳಿಹುಳುವನ್ನೂ ಚಿಟ್ಟೆಯನ್ನೂ ನೋಡಿದ ಅಪರಿಚಿತರು ಇವೆರಡೂ ಬೇರೆ ಪ್ರಾಣಿಗಳು ಎಂದುಕೊಂಡರೆ ಹೇಗೋ ಹಾಗೆ, ವಿಜ್ಞಾನಿಗಳೂ ಒಂದೇ ಪಾಚಿಗೆ ಎರಡೆರಡು ಹೆಸರು ಇಟ್ಟಿದ್ದುಂಟು.

1925ರಲ್ಲಿ ಕಾಮನ್‌ವೆಲ್ತ್ ಫೆಲೋಶಿಪ್ ಪಡೆದು ಅವರು ಅಮೆರಿಕಕ್ಕೆ ಹೋದರು. ಎರಡು ವರ್ಷ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ, ಮಾದರಿಗಳನ್ನು ಸಂಗ್ರಹಿಸಲು ಹವಾಯಿ ದ್ವೀಪಗಳವರೆಗೆ ಪ್ರಯಾಣ. ಪೆಸಿಫಿಕ್ ಕರಾವಳಿಯ ಕೆಲವು ಕೆಂಪು ಪಾಚಿಗಳನ್ನು ಕುರಿತ ಅವರ ಗ್ರಂಥವನ್ನು ಅದೇ ವಿಶ್ವವಿದ್ಯಾಲಯ 1928ರಲ್ಲಿ ಪ್ರಕಟಿಸಿತು. ಆಗ ಅವರಿಗೆ ವಯಸ್ಸು ಇಪ್ಪತ್ತಾರು, ಇಪ್ಪತ್ತೇಳು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪ್ರೊಫೈಲ್ ಬಹಳ ಚೆನ್ನಾಗಿತ್ತು.

ಮದುವೆ ಎಂಬ ಅಡ್ಡಗೋಡೆ

ಅದೇ 1928ರಲ್ಲಿ ಅವರ ಮದುವೆಯಾಯಿತು. ವರ ಹೆನ್ರಿ ರೈಟ್ ಬೇಕರ್, ಮ್ಯಾಂಚೆಸ್ಟರಿನಲ್ಲೇ ಎಂಜಿನಿಯರಿಂಗ್ ಕಲಿಸುತ್ತಿದ್ದವರು. ಮದುವೆಯಾದ ಹೆಂಗಸರನ್ನು ನೌಕರಿಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬುದು ಆಗ ಆ ವಿಶ್ವವಿದ್ಯಾಲಯದ ನಿಯಮವಾಗಿತ್ತು. ಹಾಗಾಗಿ ಕ್ಯಾಥ್ಲೀನ್ ಕೆಲಸ ಕಳೆದುಕೊಂಡರು. ಗಂಡನ ಕೆಲಸಕ್ಕೆ ಏನೂ ಆಗಲಿಲ್ಲ. ಅವರು ಮುಂದೆ ಯಂತ್ರ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು. ಮೃತ ಸಮುದ್ರದ ಬಳಿ ಸಿಕ್ಕ ಎರಡು ಸಾವಿರ ವರ್ಷ ಹಳೆಯ ತಾಮ್ರದ ಸುರುಳಿಯನ್ನು 1955-56ರಲ್ಲಿ ಸೂಕ್ಷ್ಮವಾಗಿ ಕತ್ತರಿಸಿ ಬಿಡಿಸಿದವರು ಇವರೇ. ಇಬ್ಬರೂ ಪ್ರತಿಭಾವಂತರು, ಇಬ್ಬರದೂ ಒಂದೇ ಊರು, ಒಂದೇ ಮದುವೆ. ಆದರೆ ಮದುವೆಗೆ ಬೆಲೆ ತೆತ್ತವರು ಒಬ್ಬರೇ.

ಇದು ಒಂದು ವಿಶ್ವವಿದ್ಯಾಲಯದ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಶಾಲಾ ಶಿಕ್ಷಕಿಯರ ಮೇಲಿದ್ದ ಈ ನಿರ್ಬಂಧ ಹೋದದ್ದು 1944ರಲ್ಲಿ, ಸರಕಾರಿ ಕಚೇರಿಗಳಲ್ಲಿ 1946ರಲ್ಲಿ. ವಿದೇಶಾಂಗ ಸೇವೆಯಲ್ಲಂತೂ 1973ರವರೆಗೂ ಉಳಿದಿತ್ತು. ನಮ್ಮಲ್ಲೂ ಅದರ ನೆರಳು ಬಿದ್ದಿತ್ತು. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದ ಪ್ರಕಾರ ಮಹಿಳಾ ಅಧಿಕಾರಿ ಮದುವೆಯಾಗಲು ಸರಕಾರದ ಲಿಖಿತ ಅನುಮತಿ ಬೇಕಿತ್ತು. ಮದುವೆಯ ನಂತರ ರಾಜೀನಾಮೆ ಕೇಳುವ ಹಕ್ಕೂ ಸರಕಾರಕ್ಕಿತ್ತು. ಮುತ್ತಮ್ಮ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ನಮ್ಮ ಅಮ್ಮಂದಿರ ಕಾಲದ ಮಾತಿದು, ಬಹಳ ಹಿಂದಿನದಲ್ಲ.

ಕ್ಯಾಥ್ಲೀನ್ ನ್ಯಾಯಾಲಯಕ್ಕೆ ಹೋಗಲಿಲ್ಲ, ಆದರೆ ಪ್ರಯೋಗಾಲಯವನ್ನೂ ಬಿಡಲಿಲ್ಲ. ಮ್ಯಾಂಚೆಸ್ಟರಿನಲ್ಲೇ ಸಂಶೋಧನಾ ಫೆಲೋ ಆಗಿ ಮುಂದುವರಿದರು. ಅದು ಸಂಬಳದ ನೌಕರಿಯಲ್ಲ. ಇಬ್ಬರು ಮಕ್ಕಳಾದರು. ಮನೆ, ಮಕ್ಕಳು, ನಡುವೆ ಎರಡನೇ ಮಹಾಯುದ್ಧ. ಈ ನಡುವೆಯೇ 1939ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಡಿಎಸ್ಸಿ ಪದವಿ ಪಡೆದರು. ನೌಕರಿ ಕೊಡಲು ಒಪ್ಪದ ಸಂಸ್ಥೆಯೇ ತನ್ನ ಅತ್ಯುನ್ನತ ಪದವಿಯನ್ನು ಕೊಟ್ಟಿತು ಅನ್ನುವುದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬದುಕಿನುದ್ದಕ್ಕೂ ಅವರು ಬರೆದದ್ದು ನಲವತ್ತಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳು, ಬಹುಪಾಲು ಕೆಂಪು ಪಾಚಿಗಳ ಮೇಲೆಯೇ. ಇಂದು ದೊಡ್ಡ ಪ್ರಯೋಗಾಲಯವನ್ನು ನಡೆಸುವ ಪ್ರಾಧ್ಯಾಪಕರು ವಿದ್ಯಾರ್ಥಿಗಳ ಜತೆ ಸೇರಿ ಕೆಲವೇ ವರ್ಷಗಳಲ್ಲಿ ಇಷ್ಟು ಪ್ರಕಟಿಸುವುದುಂಟು. ಆದರೆ ವಿದ್ಯಾರ್ಥಿಗಳ ಪಡೆ, ದೊಡ್ಡ ಅನುದಾನ, ಕಾಯಂ ಹುದ್ದೆ ಎಂಬ ಮೂರೂ ಇಲ್ಲದವರ ನಲವತ್ತನ್ನು ಹೇಗೆ ತೂಗಬೇಕು ಅನ್ನುವುದಕ್ಕೆ ಯಾವ ತಂತ್ರಾಂಶವೂ ಸೂತ್ರ ಕೊಟ್ಟಿಲ್ಲ.

ಚಿಪ್ಪಿನೊಳಗೆ ಸಿಕ್ಕ ಉತ್ತರ

ಈಗ ಆ ಪ್ರಸಿದ್ಧ ಪ್ರಬಂಧದ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನೋರಿ ಎಂದರೇನು ಅನ್ನುವುದು ಗೊತ್ತಿರಬೇಕು. ಮಾಲ್‌ಗಳಲ್ಲಿ ಸುಶಿ ತಿಂದವರಿಗೆ ಅನ್ನವನ್ನು ಸುತ್ತಿದ ಕಡುಹಸಿರು ಕಾಗದದಂಥ ಹಾಳೆ ನೆನಪಿರಬಹುದು. ಅದೇ ನೋರಿ. ಪೋರ್ಫೈರಾ ಎಂಬ ಕೆಂಪು ಪಾಚಿಯನ್ನು ತೊಳೆದು, ಕೊಚ್ಚಿ, ಚೌಕಟ್ಟಿನಲ್ಲಿ ತೆಳ್ಳಗೆ ಹರಡಿ, ಹಪ್ಪಳದ ಹಾಗೆ ಒಣಗಿಸಿ ಮಾಡುವ ಹಾಳೆ. ಬ್ರಿಟನ್ನಿನ ವೇಲ್ಸ್ ಕರಾವಳಿಯಲ್ಲೂ ಇದೇ ಜಾತಿಯ ಪಾಚಿ ಸಿಗುತ್ತದೆ. ಅಲ್ಲಿನವರು ಅದನ್ನು ಗಂಟೆಗಟ್ಟಲೆ ಬೇಯಿಸಿ, ನಮ್ಮ ಸೊಪ್ಪಿನ ಗೊಜ್ಜಿನ ಹದಕ್ಕೆ ತಂದು, ಓಟ್ಸ್ ಹಿಟ್ಟಿನ ಜತೆ ಕರಿದು ತಿನ್ನುತ್ತಾರೆ. ನಮ್ಮ ಪಶ್ಚಿಮ ಕರಾವಳಿಯೂ ಇದಕ್ಕೆ ಹೊರತಲ್ಲ. ಮಹಾರಾಷ್ಟ್ರ, ಗೋವಾ, ಕರ್ನಾಟಕದ ಕಡಲ ಬಂಡೆಗಳ ಮೇಲೆ ಮಳೆಗಾಲದಲ್ಲಿ ಪೋರ್ಫೈರಾದ ಒಂದು ಪ್ರಭೇದ ಕಾಣಿಸಿಕೊಳ್ಳುತ್ತದೆ. ಮಳೆಗಾಲ ಕಳೆದ ಮೇಲೆ ಮಾಯವಾಗುತ್ತದೆ.

ಈ ಮಾಯವಾಗುವುದೇ ಶತಮಾನಗಳ ಒಗಟಾಗಿತ್ತು. ಜಪಾನಿನ ಬೆಳೆಗಾರರು ಶರತ್ಕಾಲದಲ್ಲಿ ಆಳವಿಲ್ಲದ ಕಡಲಿನಲ್ಲಿ ಬಿದಿರ ಗಳುಗಳನ್ನು ನೆಡುತ್ತಿದ್ದರು, ಬಲೆ ಕಟ್ಟುತ್ತಿದ್ದರು. ಎಲ್ಲಿಂದಲೋ ಬಂದ ಬೀಜಾಣುಗಳು ಅವಕ್ಕೆ ಅಂಟಿ ಚಳಿಗಾಲದಲ್ಲಿ ಪಾಚಿ ಬೆಳೆಯುತ್ತಿತ್ತು. ವಸಂತ ಕಳೆದರೆ ಎಲ್ಲ ಮಾಯ. ಬೇಸಿಗೆಯಿಡೀ ಅದರ ಸುಳಿವೇ ಇಲ್ಲ. ಮತ್ತೆ ಶರತ್ಕಾಲಕ್ಕೆ ಬೀಜ ಬರುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಿತ್ತನೆ ಬೀಜ ಎಲ್ಲಿದೆ ಎಂದೇ ತಿಳಿಯದೆ ಬೇಸಾಯ ಮಾಡುವ ರೈತರನ್ನು ಊಹಿಸಿಕೊಳ್ಳಿ. ಅದಕ್ಕೇ ನೋರಿಗೆ ಜೂಜುಗಾರರ ಹುಲ್ಲು ಎಂಬ ಹೆಸರೇ ಬಿದ್ದಿತ್ತು. ಎರಡನೇ ಮಹಾಯುದ್ಧ ಮುಗಿದ ನಂತರದ ವರ್ಷಗಳಲ್ಲಿ ಚಂಡಮಾರುತ ಮತ್ತು ಇತರ ಕಾರಣಗಳಿಂದ ಫಸಲು ತೀರಾ ಕುಸಿಯಿತು. ಯುದ್ಧದಲ್ಲಿ ಸೋತು ಹಸಿವಿನಲ್ಲಿದ್ದ ನಾಡು. ಕಡಲನ್ನೇ ನಂಬಿದ ಕುಟುಂಬಗಳು ಕಂಗಾಲಾದವು.

ಅದೇ ಹೊತ್ತಿಗೆ, ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ಕ್ಯಾಥ್ಲೀನ್ ಬ್ರಿಟಿಷ್ ಕರಾವಳಿಯ ಪೋರ್ಫೈರಾದ ಬೆನ್ನು ಹತ್ತಿದ್ದರು. ಮ್ಯಾಂಚೆಸ್ಟರಿನಲ್ಲಿ ಸಮುದ್ರವಿಲ್ಲ. ಈ ಪಾಚಿಗೋ ದಿನಕ್ಕೆರಡು ಬಾರಿ ಭರತ-ಇಳಿತದ ನೀರು ಬೇಕು, ಮುಳುಗಬೇಕು, ಒಣಗಬೇಕು. ಗಂಡ ಹೆನ್ರಿ ಅವರ ಎಂಜಿನಿಯರಿಂಗ್ ಕೈಚಳಕ ಇಲ್ಲಿ ನೆರವಿಗೆ ಬಂತು. ಪ್ರಯೋಗಾಲಯದಲ್ಲೇ ಭರತ-ಇಳಿತ ತರುವ ತೊಟ್ಟಿಯನ್ನು ಅವರು ರೂಪಿಸಿಕೊಟ್ಟರು.

ಪೋರ್ಫೈರಾ ಬಿಡುವ ಬೀಜಾಣುಗಳು ಗಾಜಿನ ತಟ್ಟೆಯಲ್ಲಿ ಮೊಳೆತರೂ ಸರಿಯಾಗಿ ಬೆಳೆಯುತ್ತಿರಲಿಲ್ಲ. ಕ್ಯಾಥ್ಲೀನ್ ಅವಕ್ಕೆ ಶುದ್ಧಗೊಳಿಸಿದ ಚಿಪ್ಪುಗಳನ್ನು ಒದಗಿಸಿದರು. ಬೀಜಾಣುಗಳು ಚಿಪ್ಪಿನ ಸುಣ್ಣವನ್ನು ಕೊರೆದು ಒಳಹೊಕ್ಕವು. ಅಲ್ಲಿ ಗುಲಾಬಿ ಬಣ್ಣದ ಸಣ್ಣ ಸಣ್ಣ ಎಳೆಗಳಾಗಿ ಹಬ್ಬಿದವು. ಎಲೆಯಂಥ ಪೋರ್ಫೈರಾಕ್ಕೂ ಈ ನೂಲಿನಂಥ ಎಳೆಗಳಿಗೂ ನೋಟದಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೆ ಆ ಎಳೆಗಳು ವಿಜ್ಞಾನಕ್ಕೆ ಹೊಸದಾಗಿರಲಿಲ್ಲ. 1892ರಲ್ಲೇ ಬ್ಯಾಟರ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಅವನ್ನು ಬೇರೆಯೇ ಒಂದು ಪಾಚಿ ಎಂದು ತಿಳಿದು ಕಾಂಕೋಸೆಲಿಸ್ ಎಂಬ ಹೆಸರಿಟ್ಟಿದ್ದರು. ಎರಡೂ ಒಂದೇ ಜೀವಿಯ ಎರಡು ರೂಪ ಎಂಬುದು ಕ್ಯಾಥ್ಲೀನ್ ಅವರ ಕಣ್ಣೆದುರು ನಿಂತಿತು. ಅಂದರೆ ಬೇಸಿಗೆಯಲ್ಲಿ ಪಾಚಿ ಮಾಯವಾಗುತ್ತಿರಲಿಲ್ಲ. ಕಡಲ ತಳದ ಚಿಪ್ಪುಗಳ ಒಳಗೆ ಕುಳಿತು ಕಾಲ ಕಾಯುತ್ತಿತ್ತು!

1949ರ ಅಕ್ಟೋಬರಿನಲ್ಲಿ ಈ ವಿಷಯ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪತ್ರಿಕೆಯ 748 ಮತ್ತು 749ನೇ ಪುಟ, ಅಷ್ಟೇ. ಒಬ್ಬರೇ ಲೇಖಕಿ. ಅದರಲ್ಲಿ ಜಪಾನಿನ ಬೇಸಾಯವನ್ನು ಉದ್ಧಾರ ಮಾಡುವ ಯಾವ ಯೋಜನೆಯೂ ಇರಲಿಲ್ಲ. ಒಂದು ಪಾಚಿಯ ಜೀವನಚಕ್ರದ ಬಗ್ಗೆ ಇದ್ದ ಕುತೂಹಲಕ್ಕೆ ಸಿಕ್ಕ ಉತ್ತರವಷ್ಟೇ ಅದು.

ಅರಿಯಾಕೆ ಸಮುದ್ರಕ್ಕೆ ಮುಟ್ಟಿದ ಸುದ್ದಿ

ಆ ಎರಡು ಪುಟ ಕ್ಯೂಷು ವಿಶ್ವವಿದ್ಯಾಲಯದ ಸೊಕಿಚಿ ಸೆಗಾವಾ ಎಂಬ ಪಾಚಿ ವಿಜ್ಞಾನಿಗೆ ತಲುಪಿತು. ಅವರು ಅದೇ ಪ್ರಯೋಗವನ್ನು ಜಪಾನಿನ ಪ್ರಭೇದಗಳ ಮೇಲೆ ಮಾಡಿ ನೋಡಿದರು. ಅವೂ ಹಾಗೆಯೇ ಚಿಪ್ಪಿನೊಳಗೆ ಸೇರುತ್ತಿದ್ದವು. ಚಿಪ್ಪಿನ ಹಂತದಿಂದ ಮತ್ತೆ ಎಲೆಯ ಹಂತಕ್ಕೆ ಹೇಗೆ ಬರುತ್ತದೆ ಎಂಬ ಉಳಿದರ್ಧ ಚಕ್ರವನ್ನು ಜಪಾನಿ ವಿಜ್ಞಾನಿಗಳು ಕೆಲವೇ ವರ್ಷಗಳಲ್ಲಿ ಪೂರ್ತಿ ಮಾಡಿದರು. ಕುಮಾಮೊಟೊದ ಫುಸಾವೊ ಓಟಾ ಮತ್ತು ಜತೆಗಾರರು ಆ ಜ್ಞಾನವನ್ನು ಬೆಳೆಗಾರರ ಕೈಗೆ ಸಿಗುವ ವಿಧಾನವಾಗಿ ಬದಲಿಸಿದರು.

ವಿಧಾನ ಹೀಗಿದೆ. ವಸಂತದಲ್ಲಿ ಪಕ್ವವಾದ ಪಾಚಿಯ ಬೀಜಾಣುಗಳನ್ನು ನೀರಿನ ತೊಟ್ಟಿಯಲ್ಲಿ ಸಿಂಪಿ ಚಿಪ್ಪುಗಳ ಮೇಲೆ ಬಿಡುತ್ತಾರೆ. ಬೇಸಿಗೆಯಿಡೀ ಎಳೆಗಳು ಚಿಪ್ಪಿನಲ್ಲಿ ಬೆಳೆಯುತ್ತವೆ. ಶರತ್ಕಾಲಕ್ಕೆ ನೀರು ತಣ್ಣಗಾದಾಗ ಅವು ಹೊಸ ಬೀಜಾಣುಗಳನ್ನು ಬಿಡುತ್ತವೆ. ಆ ನೀರಿನಲ್ಲಿ ಬಲೆಗಳನ್ನು ತಿರುಗಿಸಿದರೆ ಬೀಜ ಅಂಟಿಕೊಳ್ಳುತ್ತದೆ. ಬಲೆಯನ್ನು ಒಯ್ದು ಕಡಲಿನಲ್ಲಿ ಕಟ್ಟಿದರೆ ಚಳಿಗಾಲಕ್ಕೆ ಫಸಲು. ನಮ್ಮಲ್ಲಿ ಭತ್ತದ ಸಸಿ ಮಡಿ ಮಾಡಿ ನಾಟಿ ಮಾಡುವ ಹಾಗೆಯೇ ಇದು. ಜೂಜು ಹೋಗಿ ಬೇಸಾಯ ಬಂತು. ಇಂದು ಜಪಾನ್, ಕೊರಿಯಾ, ಚೀನಾ ಸೇರಿ ವರ್ಷಕ್ಕೆ ಹಸಿ ತೂಕದಲ್ಲಿ 20 ಲಕ್ಷ ಟನ್ನಿಗಿಂತ ಹೆಚ್ಚು ಬೆಳೆಯುವ ಈ ಪಾಚಿಯ ಬೇಸಾಯದ ಬೇರು ಆ ಸಿಂಪಿ ಚಿಪ್ಪಿನಲ್ಲಿದೆ.

ಕ್ಯಾಥ್ಲೀನ್ ಈ ಪಾಚಿಯ ಮೇಲಿನ ಕೆಲಸ ಮುಂದುವರಿಸಿ 1954ರಲ್ಲಿ ಇನ್ನೂ ವಿವರವಾದ ಪ್ರಬಂಧ ಪ್ರಕಟಿಸಿದರು. 1952ರಲ್ಲಿ ಬ್ರಿಟಿಷ್ ಪಾಚಿ ವಿಜ್ಞಾನ ಸಂಘ ಸ್ಥಾಪನೆಯಾದಾಗ ಅದನ್ನು ಕಟ್ಟಿದವರಲ್ಲಿ ಒಬ್ಬರಾಗಿ ಅದರ ಮೊದಲ ಅಧ್ಯಕ್ಷೆಯೂ ಆದರು. 1957ರ ಸೆಪ್ಟೆಂಬರ್ 14ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು ಐವತ್ತೈದು. 1963ರ ಏಪ್ರಿಲ್ 14ರಂದು ಉಟೊದಲ್ಲಿ ಅವರ ಸ್ಮಾರಕ ಎದ್ದಿತು. ಅದಕ್ಕೆ ಹಣ ಕೂಡಿಸಿದವರು ನೋರಿ ಬೆಳೆಗಾರರೇ.

ಲೆಕ್ಕಕ್ಕೆ ಸಿಗದ ಲೆಕ್ಕ

ಇನ್ನು ನನ್ನ ಕುತೂಹಲದ ವಿಷಯ. ಇಂದಿನ ಅಳತೆಗೋಲಿನಲ್ಲಿ ಕ್ಯಾಥ್ಲೀನ್ ಎಲ್ಲಿ ನಿಲ್ಲುತ್ತಾರೆ?

ಸೈಟೇಶನ್ ಎಂದರೆ ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಆಧಾರವಾಗಿ ಹೆಸರಿಸುವುದು. ಯಾರು ಯಾರನ್ನು ಹೆಸರಿಸಿದ್ದಾರೆ ಎಂದು ಪಟ್ಟಿ ಮಾಡುವ ಯೋಜನೆಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟರು. ಅದು ಪೂರ್ಣ ಪ್ರಮಾಣದ ಸೂಚಿಯಾಗಿ ಹೊರಬಂದದ್ದು 1964ರಲ್ಲಿ. ಕ್ಯಾಥ್ಲೀನ್ ತೀರಿಕೊಂಡು ಏಳು ವರ್ಷವಾಗಿತ್ತು. ಉಟೊದ ಸ್ಮಾರಕಕ್ಕೂ ಒಂದು ವರ್ಷ ತುಂಬಿತ್ತು. ವಿಜ್ಞಾನ ಲೋಕ ಸೈಟೇಶನ್ ಎಣಿಸಲು ಕುಳಿತುಕೊಳ್ಳುವ ಮೊದಲೇ ಬೆಳೆಗಾರರು ಕಲ್ಲು ನಿಲ್ಲಿಸಿ ತಮ್ಮ ಲೆಕ್ಕ ಮುಗಿಸಿದ್ದರು.

ಈಗ ಎಲ್ಲರ ಬಾಯಲ್ಲಿರುವ ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಅದನ್ನು ಸೂಚಿಸಿದರು. ಒಬ್ಬರ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಸೈಟೇಶನ್ ಇದ್ದರೆ ಅವರ ಎಚ್-ಇಂಡೆಕ್ಸ್ ಹತ್ತು. ಸರಳ ಸೂತ್ರ. ಆದರೆ ಒಂದು ಮಾತು ಗಮನಿಸಿ. ಒಬ್ಬರ ಒಂದೇ ಪ್ರಬಂಧ ಸಾವಿರ ಬಾರಿ ಉಲ್ಲೇಖವಾದರೂ ಈ ಸೂತ್ರದಲ್ಲಿ ಅದರ ತೂಕ ಒಂದು ಮೆಟ್ಟಿಲು ಮಾತ್ರ. ಹಲವು ಪ್ರಬಂಧ ಬರೆಯುತ್ತಾ, ಹುದ್ದೆಯಲ್ಲಿ ಉಳಿದು, ತಂಡ ಕಟ್ಟಿ, ವರ್ಷಾನುಗಟ್ಟಲೆ ಮುಂದುವರಿಯುವವರಿಗೆ ಅದು ಒಲಿಯುತ್ತದೆ. ಮದುವೆಯಾದ ಕೂಡಲೇ ಹುದ್ದೆ ಕಿತ್ತುಕೊಂಡರೆ ಮುಂದುವರಿಯುವುದು ಎಲ್ಲಿಂದ?

ಇನ್ನೊಂದು ಸಂಗತಿ ನಮ್ಮ ಐಟಿ ಮಂದಿಗೆ ಬೇಗ ಹೊಳೆಯುತ್ತದೆ. ಅವರು ಪ್ರಬಂಧಗಳನ್ನು ಪ್ರಕಟಿಸಿದ್ದು ಹೆಚ್ಚಾಗಿ ಡ್ರೂ ಎಂಬ ತವರಿನ ಹೆಸರಿನಲ್ಲಿ. ಜಗತ್ತು ನೆನೆಯುವುದು ಡ್ರೂ-ಬೇಕರ್ ಎಂಬ ಹೆಸರಿನಲ್ಲಿ. ಮನುಷ್ಯರಿಗೆ ಇಬ್ಬರೂ ಒಬ್ಬರೇ ಎಂದು ಗೊತ್ತು. ದತ್ತಸಂಚಯಕ್ಕೆ ಗೊತ್ತಿಲ್ಲ. ಯಾರಾದರೂ ಕೂತು ಎರಡನ್ನೂ ಜೋಡಿಸದಿದ್ದರೆ ಅಲ್ಲಿ ಇಬ್ಬರು ಲೇಖಕಿಯರು ಉಳಿಯುತ್ತಾರೆ. ವಿಚಿತ್ರ ನೋಡಿ, ಒಂದೇ ಪಾಚಿಗೆ ಪೋರ್ಫೈರಾ, ಕಾಂಕೋಸೆಲಿಸ್ ಎಂದು ಎರಡು ಹೆಸರಿದ್ದುದನ್ನು ಒಂದುಗೂಡಿಸಿದವರು ಕ್ಯಾಥ್ಲೀನ್. ಅವರ ಸ್ವಂತ ಎರಡು ಹೆಸರುಗಳನ್ನು ಒಂದುಗೂಡಿಸುವ ಕೆಲಸ ಮಾತ್ರ ನಮ್ಮ ಯಂತ್ರಗಳಿಗೆ ಕಷ್ಟ. ಸಂಶೋಧಕರಿಗೆ ಹೆಸರು ಬದಲಾದರೂ ಬದಲಾಗದ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ ಎಂಬ ವ್ಯವಸ್ಥೆ 2012ರಿಂದ ಇದೆ. ನಮ್ಮ ಸಂಘದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹೆಣ್ಣುಮಕ್ಕಳಿದ್ದರೆ ಮೊದಲ ಪೇಪರ್ ಕಳಿಸುವ ಮುಂಚೆಯೇ ಅದನ್ನು ಮಾಡಿಸಿಕೊಳ್ಳಿ. ಉಚಿತ, ಐದು ನಿಮಿಷದ ಕೆಲಸ. ಮದುವೆಯ ನಂತರ ಯಾವ ಹೆಸರು ಇಟ್ಟುಕೊಂಡರೂ ದುಡಿಮೆ ಒಂದೇ ಕಡೆ ಉಳಿಯುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮ. ಒಂದು ಸತ್ಯ ಎಲ್ಲರಿಗೂ ಗೊತ್ತಾಗಿ ಪಠ್ಯಪುಸ್ತಕ ಸೇರಿದ ಮೇಲೆ ಅದನ್ನು ಕಂಡುಹಿಡಿದವರ ಪ್ರಬಂಧವನ್ನು ಯಾರೂ ಹೆಸರಿಸುವುದಿಲ್ಲ. ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿ ಹೆಸರನ್ನೂ ಇಟ್ಟರು. ಜ್ಞಾನ ಎಲ್ಲರಲ್ಲೂ ಬೆರೆತುಹೋಗಿ ಮೂಲ ಅಳಿಸಿಹೋಗುವ ಸ್ಥಿತಿ ಅದು. ಇಂದು ಪಾಚಿ ವಿಜ್ಞಾನದ ವಿದ್ಯಾರ್ಥಿಗಳು ಕಾಂಕೋಸೆಲಿಸ್ ಹಂತ ಎಂಬ ಮಾತನ್ನು ಅಡಿಟಿಪ್ಪಣಿಯಿಲ್ಲದೆ ಬಳಸಬಹುದು. ಅಡುಗೆಮನೆಯಲ್ಲಿ ಒಗ್ಗರಣೆಯನ್ನು ಮೊದಲು ಹಾಕಿದವರು ಯಾರೆಂದು ಯಾರು ಕೇಳುತ್ತಾರೆ? ಕೆಲಸ ಪೂರ್ತಿ ಗೆದ್ದಾಗಲೇ ಸೈಟೇಶನ್ ನಿಂತುಹೋಗಬಹುದು. ಇನ್ನು ಬಲೆಗೆ ಬೀಜ ಅಂಟಿಸುವ ಬೆಳೆಗಾರರಂತೂ ಪ್ರಬಂಧ ಬರೆಯುವವರಲ್ಲ. ಅವರ ಕೃತಜ್ಞತೆ ಯಾವ ಸೂಚಿಯಲ್ಲೂ ದಾಖಲಾಗುವುದಿಲ್ಲ.

ಹಾಗೆಂದು ಸೈಟೇಶನ್ ಎಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕ್ಯಾಥ್ಲೀನ್ ತಮ್ಮ ಕೆಲಸವನ್ನು ಟಿಪ್ಪಣಿ ಪುಸ್ತಕದಲ್ಲೇ ಬಿಟ್ಟಿದ್ದರೆ ಸೆಗಾವಾ ಅವರಿಗೆ ಏನೂ ತಲುಪುತ್ತಿರಲಿಲ್ಲ. ಎಲ್ಲರೂ ಓದುವ ಪತ್ರಿಕೆಯಲ್ಲಿ, ಬೇರೆಯವರು ಮತ್ತೆ ಮಾಡಿ ನೋಡಬಹುದಾದಷ್ಟು ಸ್ಪಷ್ಟವಾಗಿ ಬರೆದರು. ಅದಕ್ಕೇ ಅದು ಸಾಗರ ದಾಟಿತು. ಬರೆದು ಪ್ರಕಟಿಸುವುದು, ಮೂಲವನ್ನು ಹೆಸರಿಸುವುದು ವಿಜ್ಞಾನದ ಋಣ ತೀರಿಸುವ ದಾರಿ. ನನ್ನ ತಕರಾರು ಇರುವುದು ಆ ಋಣದ ಪಟ್ಟಿಯನ್ನೇ ಮನುಷ್ಯರ ತೂಕವೆಂದು ಓದುವುದರ ಬಗ್ಗೆ. ಪಟ್ಟಿಯಲ್ಲಿ ಕಾಣುವ ಅಂಕಿಯ ಹಿಂದೆ ಯಾರಿಗೆ ಹುದ್ದೆ ಸಿಕ್ಕಿತ್ತು, ಯಾರಿಗೆ ಸಿಕ್ಕಿರಲಿಲ್ಲ ಅನ್ನುವುದು ಕಾಣುವುದಿಲ್ಲ.

ಮದುವೆಯಾದವರನ್ನು ಕೆಲಸದಿಂದ ತೆಗೆಯುವ ನಿಯಮ ಇಂದು ಇಲ್ಲ. ಆದರೂ ಹೆರಿಗೆ ರಜೆ ಮುಗಿಸಿ ಬಂದವರ ರೇಟಿಂಗ್ ಇಳಿಯುವುದನ್ನು, ಗಂಡನ ವರ್ಗಾವಣೆಗೆ ಊರು ಬಿಟ್ಟವರ ರೆಸ್ಯೂಮೆಯಲ್ಲಿ ಎರಡು ವರ್ಷದ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸುವುದನ್ನು ನಾನು ಕಂಡಿದ್ದೇನೆ. ಊರು ಬಿಟ್ಟು ಊರಿಗೆ ಬಂದ ನಮ್ಮಂಥ ಹೊರನಾಡ ಕನ್ನಡತಿಯರಲ್ಲಿ ಇಂಥ ಖಾಲಿ ಜಾಗ ಎಷ್ಟು ಮಂದಿಗಿಲ್ಲ? ಆ ಜಾಗದಲ್ಲಿ ಮಕ್ಕಳನ್ನು ಬೆಳೆಸಿದ್ದಿದೆ, ಹಿರಿಯರನ್ನು ನೋಡಿಕೊಂಡದ್ದಿದೆ, ಸಂಘದ ಕನ್ನಡ ತರಗತಿ ನಡೆಸಿದ್ದಿದೆ. ಯಾವ ಫಾರ್ಮಿನಲ್ಲೂ ಅದಕ್ಕೆ ಕಾಲಂ ಇಲ್ಲ. ಕ್ಯಾಥ್ಲೀನ್ ಅವರ ಕಥೆ ಹೇಳಿ ಸಂಬಳವಿಲ್ಲದೆ ದುಡಿಯುವುದೇ ದೊಡ್ಡದು ಎಂದು ಯಾರಾದರೂ ಉಪದೇಶ ಮಾಡಿದರೆ ನಾನು ಒಪ್ಪುವುದಿಲ್ಲ. ಅವರಿಗೆ ಸಂಬಳ ಸಿಗಬೇಕಿತ್ತು, ಹುದ್ದೆ ಸಿಗಬೇಕಿತ್ತು, ವಿದ್ಯಾರ್ಥಿಗಳು ಸಿಗಬೇಕಿತ್ತು. ಅವೆಲ್ಲ ಸಿಕ್ಕಿದ್ದರೆ ಇನ್ನೆಷ್ಟು ಒಗಟು ಬಿಡಿಸುತ್ತಿದ್ದರೋ ಎಂಬ ನಷ್ಟದ ಲೆಕ್ಕವೂ ಯಾರ ಬಳಿಯೂ ಇಲ್ಲ.

ಮುಂದಿನ ಬಾರಿ ಮಗಳೋ ಸೊಸೆಯೋ ಗೆಳತಿಯೋ ತನ್ನ ಪೇಪರ್‌ಗೆ ಮೂರೇ ಸೈಟೇಶನ್ ಬಂದಿದೆ, ಈ ವರ್ಷ ರೇಟಿಂಗ್ ಕಮ್ಮಿಯಾಗಿದೆ ಎಂದು ಮುಖ ಸಣ್ಣ ಮಾಡಿಕೊಂಡರೆ ಈ ಮ್ಯಾಂಚೆಸ್ಟರ್ ಮಹಿಳೆಯ ಕಥೆ ಹೇಳಿ. ಮಳೆಗಾಲದಲ್ಲಿ ಕೊಂಕಣದ ಕಡೆಗೋ ಕಾರವಾರದ ಕಡೆಗೋ ಹೋದರೆ ಅಲೆ ಬಡಿಯುವ ಬಂಡೆಗಳತ್ತ ದೂರದಿಂದಲೇ ಒಮ್ಮೆ ಕಣ್ಣು ಹಾಯಿಸಿ. ಹತ್ತಿರ ಹೋಗಬೇಡಿ, ಜಾರುತ್ತದೆ! ಮಳೆ ನಿಂತ ಮೇಲೆ ಅಲ್ಲಿಯ ಪೋರ್ಫೈರಾ ಕಣ್ಣಿಗೆ ಕಾಣದು. ಆಗ ಅದನ್ನು ಎಲ್ಲಿ ಹುಡುಕಬೇಕು ಎಂದು ನಮಗೆ ತೋರಿಸಿಕೊಟ್ಟವರು ಕ್ಯಾಥ್ಲೀನ್ ಡ್ರೂ-ಬೇಕರ್.